ಮಗಳು ಬರೆದ ಒಂದು ವಾರ

ಆಸ್ಪತ್ರೆಗಳಲ್ಲಿ ಯಾವ ಚಿಕಿತ್ಸೆಗೆ ಎಷ್ಟು ಖರ್ಚು, ಎಷ್ಟು ಗುಣ ಎಂದು ತೂಗಿ ನೋಡುವುದೇ ಮಗಳ ಕೆಲಸ. ಆರಂಭದ ಹಂತದ ಸ್ತನ ಕ್ಯಾನ್ಸರಿಗೆ ಐದು ವಾರದ ರೇಡಿಯೇಷನ್ ದಂಡ, ಒಂದು ವಾರದ್ದೇ ಸಾಕು ಎಂದು ದೊಡ್ಡ ವರದಿ ಬರೆದಿದ್ದಳು. ಊಟಕ್ಕೆ ಕೂತಾಗಲೆಲ್ಲ ಅದೇ ರಾಗ ಹಾಡಿ ಅಮ್ಮನ ತಲೆ ತಿಂದಿದ್ದಳು.

ಈಗ ಅಮ್ಮನಿಗೇ ಆ ಕಾಯಿಲೆ ಬಂದು, ಗಡ್ಡೆ ತೆಗೆದಾಗಿತ್ತು. ಡಾಕ್ಟರು "ನಿಮಗೆ ಒಂದು ವಾರದ್ದು ಸಾಕಮ್ಮ" ಎಂದದ್ದೇ ತಡ, ಮಗಳು ಕುರ್ಚಿಯ ತುದಿಗೆ ಜರುಗಿದಳು.

"ಬೇಡ ಡಾಕ್ಟ್ರೇ, ಐದು ವಾರದ್ದೇ ಕೊಟ್ಬಿಡಿ. ದುಡ್ಡಿನ ಮುಖ ನೋಡ್ಬೇಡಿ."

ಅಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಏನೇ ಇದು? ಊರೋರ ಅಮ್ಮಂದಿರಿಗೆಲ್ಲ ಸಾಕಾಗೋದು ನಿನ್ನಮ್ಮಂಗೆ ಸಾಲಲ್ವಾ?"

"ಅದು ಬೇರೆ ಅಮ್ಮಾ, ನೀನು..." ಮಗಳು ಅಮ್ಮನ ಕೈ ಹಿಡಿದುಕೊಂಡಳು.

"ಏನು ಬೇರೆ, ಮಣ್ಣು! ಊಟ ತಣ್ಣಗಾದ್ರೂ ಬಾಯ್ಮುಚ್ಕೊಂಡು ಕೇಳಿದೀನಿ ನಾನು." ಅಮ್ಮ ಡಾಕ್ಟರ ಕಡೆ ತಿರುಗಿದಳು. "ಇವಳು ಈಗ ಹೇಳೋದು ಬಿಡಿ, ಆವತ್ತು ಬರೆದಿದ್ದನ್ನೇ ನಂಗೆ ಕೊಡಿ. ಅದನ್ನ ಬರೆಯೋವಾಗ ಇವಳಿಗೆ ಭಯ ಇರ್ಲಿಲ್ಲ."