ಬದರುನ್ನಿಸಾಳ ಸಾಲು

"ಯಾವುದಾರ ಒಂದಕ್ಕ ಟಿಕ್ ಹಾಕ್ರಿ ಅಜ್ಜಾರ," ಎಂದು ಗುಮಾಸ್ತೆ ಹುಡುಗಿ ಅರ್ಜಿಯನ್ನು ಶಿವರಾಜಪ್ಪನ ಕಡೆ ತಿರುಗಿಸಿ ಇಟ್ಟಳು. ಭಜನೆ, ತತ್ವಪದ, ಕವ್ವಾಲಿ, ಹಲಗೆ, ಬ್ಯಾಂಡ್. ಒಂದರ ಕೆಳಗೊಂದು ಹೆಸರು, ಪ್ರತಿಯೊಂದರ ಮುಂದೆ ಒಂದು ಖಾಲಿ ಚೌಕ.

ಹಿಂದೆ ನಿಂತಿದ್ದ ಕಾಂತಾಬಾಯಿ ಬಾಗಿ ನೋಡಿದಳು. ಅವಳಿಗೆ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು. "ಅವ್ವಾ, ಇವರ ಹಾಡಿನಾಗ ಇವೆಲ್ಲಾ ಅದಾವ. ಒಂದಕ್ಕ ಹ್ಯಾಂಗ ಹಾಕಬೇಕು?"

"ಎಲ್ಲಾ ಅಂಬೋ ಚೌಕ ಇಲ್ರಿ ಅಮ್ಮಾ. ಎರಡಕ್ಕ ಹಾಕಿದ್ರ ಅರ್ಜಿ ಹೊಳ್ಳಿ ಬರ್ತದ."

ಅರ್ಜಿ ಹೊಳ್ಳಿ ಬರುವುದೆಂದರೆ ಏನೆಂದು ಶಿವರಾಜಪ್ಪನಿಗೆ ಗೊತ್ತಿತ್ತು. ಕಲಾವಿದರ ಮಾಸಾಶನಕ್ಕೆ ಅವನು ಹಾಕಿದ್ದ ಅರ್ಜಿ ಎರಡು ವರ್ಷ ಹಾಗೇ ವಾಪಸು ಬಂದಿತ್ತು. ವಯಸ್ಸು ಎಪ್ಪತ್ತೊಂದು. ಔರಾದಿನಲ್ಲಿ ತಮ್ಮನ ಮಗಳ ಮನೆಯ ಪಡಸಾಲೆಯಲ್ಲಿ ಅವನ ಹಾಸಿಗೆ. ಮಾಸಾಶನ ಬಂದರೆ ಯಾರ ಮಾರಿ ನೋಡದೆ ಒಂದು ಕಪ್ ಚಾ ಕೇಳಬಹುದು ಎಂದು ಅವನು ಒಮ್ಮೆ ಕಾಂತಾಬಾಯಿಗೆ ಹೇಳಿದ್ದ. ಅವನು ಭಜನೆಯ ಮುಂದೆ ಟಿಕ್ ಹಾಕಿದ. ಬಲವಾಗಿ ಒತ್ತಿದ್ದರಿಂದ ಕಾಗದ ಸ್ವಲ್ಪ ಹರಿಯಿತು.

ಕಚೇರಿಯ ಪಡಸಾಲೆಯ ಬೆಂಚಿಗೆ ಬಂದು ಕುಳಿತ ಮೇಲೆ ಕಾಂತಾಬಾಯಿಯತ್ತ ನೋಡದೆ ಹೇಳಿದ, "ತಂಗಿ, ಒಳಗ ಹೋದ ಮ್ಯಾಲ ಆ ಕ್ಯಾಸೆಟ್ಟಿನ ಸುದ್ದಿ ತೆಗೀಬ್ಯಾಡ. ಹೋದ ವರ್ಷ ಒಬ್ಬಾಂವ ಅದೂ ಹಾಡ್ತೀನಿ ಇದೂ ಹಾಡ್ತೀನಿ ಅಂದು ಎರಡೂ ಕಳಕೊಂಡ. ನಾ ಭಜನಿಯಾಂವ, ಅಷ್ಟ."

"ಆಯ್ತ್ರಿ ಅಣ್ಣಾರ."

"ಏನ್ ಕೇಳಿದ್ರೂ ನೀ ಬಾಯಿ ತೆಗೀಬಾರ್ದು. ಆಣಿ?"

"ಆಣಿರಿ."

ಆಣೆಯೇನೋ ಮಾಡಿದಳು. ಆದರೆ ಅವಳು ಭಾಲ್ಕಿಯಿಂದ ಬೆಳಗಿನ ಬಸ್ಸು ಹಿಡಿದು ಬೀದರಿಗೆ ಬಂದದ್ದೇ ಆ ಕ್ಯಾಸೆಟ್ಟಿಗಾಗಿ. ಮೂರು ಜನ ಕೂಡಿ ಮಾಡಿದ್ದು ಅದು, ಒಂದೇ ಒಂದು. ಹೆಸರು 'ಒಂದ ಬಾವಿ'. ಬೀದರಿನ ಪಕ್ಕದ ಕೊಳಾರದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ನಾಗಸೇನನ ಬ್ಯಾಂಜೋ, ಶಿವರಾಜಪ್ಪನ ಭಜನೆಯ ಕಂಠ, ಬದರುನ್ನಿಸಾಳ ಕವ್ವಾಲಿ. ನೌಬಾದದ ಒಂದು ಕೋಣೆಯಲ್ಲಿ ಗೋಡೆಗೆಲ್ಲ ಕೌದಿ ಕಟ್ಟಿ ಒಂದೇ ದಿನದಲ್ಲಿ ಮುಗಿಸಿದ್ದರು. ಐದನೇ ಹಾಡಿನ ನಡುವೆ ಯಾರದೋ ಮನೆಯ ಕುಕ್ಕರು ಸೀಟಿ ಹೊಡೆಯುವುದೂ ಕೇಳುತ್ತದೆ.

ನಾಗಸೇನ ಕ್ಯಾಸೆಟ್ಟುಗಳನ್ನು ಚೀಲದಲ್ಲಿ ತುಂಬಿಕೊಂಡು ಊರೂರು ತಿರುಗಿದ್ದ. ಜಯಂತಿಯ ಮೆರವಣಿಗೆಯ ಹುಡುಗರು ಇದು ಭಜನೆ ಅಂದರು. ಭಜನೆಯವರು ಇದು ಕವ್ವಾಲಿ ಅಂದರು. ಉರುಸಿನಲ್ಲಿ ಅಂಗಡಿ ಇಟ್ಟವನು ಅರ್ಧ ಹಾಡು ಕೇಳಿ, ಬ್ಯಾಂಜೋ ಮರಾಠಿ ಹಾಡಿನಂತಿದೆ, ಇಲ್ಲಿ ಯಾರು ಕೊಳ್ಳುತ್ತಾರೆ ಅಂದ. ಯಾರ ಹಬ್ಬಕ್ಕೂ ಹೊಂದದ ಹಾಡು. ಭಾಲ್ಕಿ ಸ್ಟೇಷನ್ನಿನಲ್ಲಿ ನಾಗಸೇನ ಬಾಕಿ ಉಳಿದವನ್ನು ಕೇಳಿದವರಿಗೂ ಕೇಳದವರಿಗೂ ಹಂಚುತ್ತಿದ್ದಾಗ ಒಂದು ಕಾಂತಾಬಾಯಿಯ ಕೈಗೆ ಬಿತ್ತು. ಆಗ ಅವಳು ಗಂಡ ಸತ್ತು, ಬೇಳೆ ಮಿಲ್ಲಿನಲ್ಲಿ ಹರಳು ಆರಿಸುವ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು.

ಮಿಲ್ಲಿನ ಟೇಪಿನಲ್ಲಿ ಹಾಕಿದ ಮೊದಲ ದಿನ ಜೊತೆಯ ಹೆಂಗಸರು ನಕ್ಕಿದ್ದರು. "ಕಾಂತಾಬಾಯಿ, ಇದೇನ ಹಾಡೋ ಸಂತಿಯೋ?" ಅವಳಿಗೆ ಮಾತ್ರ ಮೂರನೇ ಹಾಡಿಗೆ ಕೈ ನಿಂತುಬಿಟ್ಟಿತ್ತು. ಮೆರವಣಿಗೆಯ ನಡಿಗೆಯಲ್ಲಿ ಬ್ಯಾಂಜೋ ಹೋಗುತ್ತಿರುತ್ತದೆ. ಶಿವರಾಜಪ್ಪ ಹೇಳುತ್ತಾನೆ:

ಹಗ್ಗ ಗಿಡ್ಡಾತೋ, ಬಾವಿ ಆಳಾತೋ,
ಕೊಡ ಹಿಡಿದು ನಿಂತೀನಿ ಬರಿಗಾಲಿಲೆ.

ಅಲ್ಲಿಗೆ ಬ್ಯಾಂಜೋ ನಿಲ್ಲುತ್ತದೆ. ತಾಳವೊಂದೇ ನಾಲ್ಕು ಪೆಟ್ಟು ಬೀಳುತ್ತದೆ. ಮುಗಿಯಿತೇನೋ ಅನ್ನುವಾಗ ಬದರುನ್ನಿಸಾ ಎಲ್ಲಿಂದಲೋ ಬರುತ್ತಾಳೆ: "ರಸ್ಸಿ ಛೋಡೊ ನಕ್ಕೊ ಭಾಯಿ, ಪಾನಿ ದೂರ ನೈ." ಹಗ್ಗ ಬಿಡಬೇಡ ಅಣ್ಣಾ, ನೀರು ದೂರ ಇಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಆ ನಾಲ್ಕು ಪೆಟ್ಟುಗಳನ್ನು ಕಾಂತಾಬಾಯಿ ಎಷ್ಟು ಸಲ ಕೇಳಿದ್ದಾಳೋ ಲೆಕ್ಕವಿಲ್ಲ. ಪ್ರತಿ ಸಲವೂ ಈ ಸಲ ಬದರುನ್ನಿಸಾ ಬರಲಿಕ್ಕಿಲ್ಲ ಎಂದೇ ಅನಿಸುತ್ತಿತ್ತು.

ನಾಗಸೇನ ಹೋಗಿ ಹತ್ತು ವರ್ಷವಾಯಿತು. ಬದರುನ್ನಿಸಾ ಕೊರೋನಾದಲ್ಲಿ ತೀರಿಕೊಂಡಳು. ಶಿವರಾಜಪ್ಪ ಬದುಕಿದ್ದಾನೆಂದು ಕಾಂತಾಬಾಯಿಗೆ ತಿಳಿದದ್ದು ಹೋದ ಚಳಿಗಾಲ, ಔರಾದಿನಲ್ಲಿ ಸಂಬಂಧಿಕರೊಬ್ಬರ ಹೆಣದ ಮುಂದೆ ಭಜನೆ ನಡೆದಾಗ. ಕ್ಯಾಸೆಟ್ಟಿನಲ್ಲಿ ಕೇಳಿದಂತೆಯೇ ಹಾಡುವ ಮೊದಲು ಗಂಟಲು ಎರಡು ಸಲ ಕೆರೆದ ರೀತಿಯಲ್ಲೇ ಗುರುತು ಹಿಡಿದಿದ್ದಳು.

ಬೆಂಚಿನ ತುದಿಯಲ್ಲಿ ತನ್ನ ಸರದಿಗೆ ಕಾದಿದ್ದ ಹಲಗೆ ಬಾರಿಸುವ ಸಿದ್ದೇಶ್ವರ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿದ, "ಮುತ್ಯಾ, ನಿನ್ನ ಜೋಡಿ ಬಂದಾಕಿ ಯಾರು? ಹಿಮ್ಮೇಳೇನು?"

"ಇಲ್ಲಪ್ಪಾ, ಕೇಳಾಕಿ."

"ಹಂಗಾರ ನೀ ಸಾವ್ಕಾರ ಬಿಡು. ನನ್ನ ಹಲಗಿ ನನ್ನ ಹೇಣ್ತಿನೂ ಕೇಳಂಗಿಲ್ಲ."

ಶಿವರಾಜಪ್ಪ ನಕ್ಕ. ಅವನ ಹೆಸರು ಕರೆದರು.

ಒಳಗೆ ಉದ್ದ ಮೇಜಿನ ಹಿಂದೆ ಮೂವರು: ಇಬ್ಬರು ಗಂಡಸರು, ಕನ್ನಡಕ ಹಾಕಿದ ಒಬ್ಬ ಹೆಂಗಸು. ಕಾಂತಾಬಾಯಿಯನ್ನು ಬಾಗಿಲ ಹತ್ತಿರ ನಿಲ್ಲಲು ಬಿಟ್ಟರು. ಶಿವರಾಜಪ್ಪ ತಾಳ ಹಿಡಿದು ಹಳೆಯ ಭಜನೆಯೊಂದನ್ನು ಹೇಳಿದ. ಎಲ್ಲ ಊರಿನವರೂ ಹೇಳುವಂಥದು. ಧ್ವನಿ ಮೇಲೆ ಹೋಗುವಾಗ ಒಡೆಯಿತಾದರೂ ಮುಗಿಸಿದ. ಒಬ್ಬ ಗಂಡಸು ಬರೆದುಕೊಳ್ಳುತ್ತ, "ಪ್ರಮಾಣಪತ್ರ ಇಲ್ಲ, ಫೋಟೋ ಇಲ್ಲ. ಕ್ಯಾಸೆಟ್ ಏನರೆ ಬಂದಿತ್ತೇನ್ರಿ?" ಎಂದ.

"ಇಲ್ರಿ," ಎಂದ ಶಿವರಾಜಪ್ಪ.

ಕಾಂತಾಬಾಯಿ ಕಂಕುಳಲ್ಲಿದ್ದ ಕ್ಯಾಸೆಟ್ಟಿನ ಚೀಲವನ್ನು ಒತ್ತಿ ಹಿಡಿದಳು.

ಕನ್ನಡಕದ ಹೆಂಗಸಿಗೆ ಪಾಪವೆನಿಸಿತೋ ಏನೋ. "ಹೋಗ್ಲಿ, ನಿಮ್ಮ ಸ್ವಂತ ಪದ ಒಂದ ಹೇಳ್ರಿ ಅಜ್ಜಾರ. ಅದರ ಮ್ಯಾಲ ನೋಡೂಣು. ಸ್ವಂತದ್ದು ಇದ್ದವರಿಗೆ ಮೊದಲು ಕೊಡ್ತೀವಿ."

ಶಿವರಾಜಪ್ಪ ತಾಳದ ದಾರವನ್ನು ಮತ್ತೆ ಬೆರಳಿಗೆ ಸುತ್ತಿಕೊಂಡ. ಅವನು ಸ್ವಂತ ಕಟ್ಟಿದ್ದು ಎಲ್ಲವೂ ಆ ಒಂದು ಕ್ಯಾಸೆಟ್ಟಿನಲ್ಲೇ ಇತ್ತು. ಗಂಟಲು ಎರಡು ಸಲ ಕೆರೆದ.

"ಹಗ್ಗ ಗಿಡ್ಡಾತೋ, ಬಾವಿ ಆಳಾತೋ..."

ಬರೆಯುತ್ತಿದ್ದವನ ಪೆನ್ನು ನಿಂತಿತು. ಹೆಂಗಸು ಕನ್ನಡಕ ತೆಗೆದಳು. ಅಷ್ಟು ಹೊತ್ತು ಒಡೆಯುತ್ತಿದ್ದ ಧ್ವನಿ ಈಗ ಒಡೆದ ಕಡೆಯೇ ಚೆನ್ನಾಗಿ ಕೇಳುತ್ತಿತ್ತು. ಕೊಡ ಹಿಡಿದು ನಿಂತೀನಿ ಬರಿಗಾಲಿಲೆ. ಅಲ್ಲಿಗೆ ಬಂದು ನಿಂತ. ತಾಳ ಬಿತ್ತು. ಒಂದು, ಎರಡು, ಮೂರು, ನಾಲ್ಕು.

ಯಾರೂ ಬರಲಿಲ್ಲ.

ಅವನು ಹಿಂದಕ್ಕೆ ಹೋಗಿ ಆ ಸಾಲು ಮತ್ತೆ ಹೇಳಿದ. ಮತ್ತೆ ನಾಲ್ಕು ಪೆಟ್ಟು. ಕಾಂತಾಬಾಯಿಯ ನಾಲಿಗೆಯ ಮೇಲೆ ಬದರುನ್ನಿಸಾಳ ಸಾಲು ಬಂದು ಕುಳಿತಿತ್ತು. ಬಾಯಿ ತೆರೆದರೆ ಸಾಕಿತ್ತು. ತೆರೆದರೆ ಕವ್ವಾಲಿ ಹೊರಗೆ ಬೀಳುತ್ತದೆ, ಟಿಕ್ ಹಾಕಿದ ಚೌಕ ಸುಳ್ಳಾಗುತ್ತದೆ. ಅವಳು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಶಿವರಾಜಪ್ಪ ಮೂರನೇ ಸಲ ಹೇಳಿದ, ಈ ಸಲ ಬಾಗಿಲ ಕಡೆ ತಿರುಗಿ. ತಾಳ ಎರಡು ಪೆಟ್ಟು ಬಿದ್ದು ನಿಂತಿತು.

"ಮುಂದಿನ ಸಾಲು ಮರ್ತೀರೇನು?" ಎಂದಳು ಹೆಂಗಸು.

"ಮರ್ತಿಲ್ರಿ. ಅದು ನನ್ನದಲ್ರಿ."

"ಸ್ವಂತ ಪದ ಹೇಳ್ರಿ ಅಂದಿದ್ವೆಲ್ಲಾ ಮತ್ತ?" ಎಂದ ಗಂಡಸು.

ಶಿವರಾಜಪ್ಪ ತಾಳವನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಕಾಗದ ಬರೆದು ತಿಳಿಸುತ್ತೇವೆ ಅಂದರು. ಅವನ ಅರ್ಜಿ ಹೊಳ್ಳಿ ಹೋಗುವ ಅರ್ಜಿಗಳಿದ್ದ ಎಡಗಡೆಯ ಕಟ್ಟಿನ ಮೇಲೆ ಹೋಯಿತು. ಸಿದ್ದೇಶ್ವರನನ್ನು ಕರೆದರು.

ಇಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದರು. ಔರಾದಿನ ಬಸ್ಸು ನಿಂತಿತ್ತು. ಮೆಟ್ಟಿಲ ಹತ್ತಿರ ಅವನು ಕೇಳಿದ, "ಆ ಸಾಲು ನಿನಗ ಬರ್ತದಲ್ಲ?"

"ಬರ್ತದ್ರಿ."

"ಮತ್ತ?"

"ಆಣಿ ಹಾಕಿಸಿದ್ರೆಲ್ರಿ ಅಣ್ಣಾರ."

ಅವನು ಹೌದೆಂಬಂತೆ ತಲೆ ಆಡಿಸಿದ. "ಹೌದು. ನಾನ ಹಾಕಿಸಿದ್ದೆ." ಮೆಟ್ಟಿಲ ಮೇಲೆ ಕಾಲಿಟ್ಟು, "ಮುಂದಿನ ವರ್ಷ ಬರಬ್ಯಾಡ ತಂಗಿ. ನಾನೂ ಬರಂಗಿಲ್ಲ," ಎಂದು ಕಂಬಿ ಹಿಡಿದು ಹತ್ತಿದ.

ಕಾಂತಾಬಾಯಿ ಕೆಳಗೆ ನಿಂತು ನೋಡಿದಳು. ಅವನು ನಡುವಿನ ಸಾಲಿನ ಹತ್ತಿರ ನಿಂತ. ಕಿಟಕಿಯ ಗಾಜು ಮುಚ್ಚಿತ್ತು. ಗಾಜಿನಾಚೆ ಅವನ ತುಟಿ ಅಲುಗಿತು; ಆ ಸಾಲು ಹೇಳಿದನೋ, ಜಾಗ ಕೇಳಿದನೋ ತಿಳಿಯಲಿಲ್ಲ. ಅವಳು ಇನ್ನೂ ಒಂದು ಹೆಜ್ಜೆ ಹತ್ತಿರ ಹೋದಳು. ಸೀಟಿನಲ್ಲಿದ್ದ ಹೆಂಗಸು ಅವನತ್ತ ಒಮ್ಮೆ ನೋಡಿ, ಮೆಂತ್ಯ ಸೊಪ್ಪಿನ ಗಂಟನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಜಾಗ ಬಿಟ್ಟಳು.