ಹೀಟರಿನ ನೀರು

"ಇವತ್ತಿನ ಶರಬತ್ತಿಗೆ ಎಂತ ವಾಸನೆ ಮಾರಾಯ!" ಜಂಶೀರ್ ಬಾಟಲಿ ಕೆಳಗಿಟ್ಟು ಮುಖ ಕಿವುಚಿದ. "ಸಿಹಿ ಮಾತ್ರ ಭಾರೀ ಉಂಟು."

ಚನಿಯ ತಿರುಗಿ ನೋಡಿದ. ಗಲ್ಫಿನ ಬನಿಯಾಸ್‌ನಲ್ಲಿದ್ದ ಆ ಗ್ಯಾರೇಜಿನ ಹಿಂದಿನ ಮಸೀದಿಯಿಂದ ಸಂಜೆಯ ಮಗ್ರಿಬ್ ಬಾಂಗ್ ಇನ್ನೂ ಕೇಳುತ್ತಿತ್ತು. ಉಪವಾಸ ಬಿಡಲೆಂದು ಪೇಂಟಿನ ಕೈಯಲ್ಲೇ ಓಡಿಬಂದಿದ್ದ ಜಂಶೀರ್ ಖರ್ಜೂರದ ಬೀಜವನ್ನು ಅಂಗೈಗೆ ಉಗುಳುತ್ತಿದ್ದ. ಕೆಫೆಟೀರಿಯಾದವರು ಕಳಿಸಿದ್ದ ಗುಲಾಬಿ ಶರಬತ್ತಿನ ಬಾಟಲಿ ಸಮೋಸದ ಪೊಟ್ಟಣದ ಹಿಂದೆ ಮುಚ್ಚಳ ತೆಗೆಯದೆ ಹಾಗೇ ಇತ್ತು. ಅವನು ಕುಡಿದದ್ದು ಇನ್ನೊಂದನ್ನು.

ಅಂಗಳದಲ್ಲಿ ಗಿರಾಕಿ ತಿಲಕ್ ಅವರ ಮೋಟಾರ್‌ಹೋಮ್ ನಿಂತಿತ್ತು. ಮನೆಯಂಥ ಆ ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಟರ್ಕಿಯವರೆಗೆ ಹೋಗುವುದು ಅವರ ಆಸೆ. ಚಳಿ ನಾಡಿನಲ್ಲಿ ಒಳಗನ್ನು ಬೆಚ್ಚಗಿಡಲು ಅದರ ನೆಲದಡಿಯ ಕೊಳವೆಗಳಲ್ಲಿ ಗುಲಾಬಿ ಬಣ್ಣದ ಬಿಸಿ ದ್ರವ ಸುತ್ತುತ್ತದೆ. ಅದು ಹಳತಾಗಿತ್ತು, ಖಾಲಿ ಮಾಡಿ, ಕೊಳವೆ ತೊಳೆದು ಹೊಸದು ತುಂಬುವ ಕೆಲಸ ಎಸಿ ಮೆಕ್ಯಾನಿಕ್ ಚನಿಯನ ಪಾಲಿಗೆ ಬಂದಿತ್ತು. ಎಷ್ಟು ಕೆಟ್ಟಿದೆ ನೋಡಬೇಕು, ಸ್ವಲ್ಪ ತೆಗೆದಿಡು ಎಂದಿದ್ದರು ತಿಲಕ್. ಚನಿಯ ಕೈಗೆ ಸಿಕ್ಕಿದ ನೀರಿನ ಬಾಟಲಿಯಲ್ಲಿ ಹಿಡಿದು ನೆರಳು ಕಂಡಲ್ಲಿ ಇಟ್ಟಿದ್ದ. ಮೇಲೆ ಏನೂ ಬರೆದಿರಲಿಲ್ಲ. ಇಫ್ತಾರಿಗೆ ಹಾಳೆ ಹಾಸಿದ್ದು ಆಮೇಲೆ, ಅದೇ ನೆರಳಿನಲ್ಲಿ.

"ಜಂಶೀರ್, ಅದು ಶರಬತ್ತಲ್ಲ. ಹೀಟರಿನ ನೀರು. ವಿಷ ಅದು!"

ಜಂಶೀರ್ ಬಾಟಲಿಯನ್ನು ಎತ್ತಿ ನೋಡಿದ. ಅರ್ಧ ಇಳಿದಿತ್ತು. "ನನಗೆ ಎಂತ ಸಹ ಆಗ್ತಾ ಇಲ್ಲ," ಎಂದು ನಕ್ಕ. "ನಮಾಜ್ ಮಾಡಿ ಬರ್ತೇನೆ, ಮತ್ತೆ ನೋಡುವಾ."

"ನಮಾಜ್ ಆಮೇಲೆ. ಯಲ್ಲಾ, ಗಾಡಿ ಹತ್ತು!"

ಅವನನ್ನು ರಟ್ಟೆ ಹಿಡಿದು ಪಿಕಪ್ಪಿಗೆ ತಳ್ಳಬೇಕಾಯಿತು. ಊರೆಲ್ಲ ಊಟಕ್ಕೆ ಕೂತಿದ್ದರಿಂದ ರಸ್ತೆ ಬರಿದಾಗಿತ್ತು. ಆದರೂ ಚನಿಯನಿಗೆ ಆಸ್ಪತ್ರೆ ಹತ್ತಿರ ಬಂದಂತೆ ಅನ್ನಿಸಲಿಲ್ಲ. ಪಕ್ಕದಲ್ಲಿ ಜಂಶೀರ್ ಮೊದಮೊದಲು ತಮಾಷೆ ಮಾಡಿದ. ಆಮೇಲೆ ಅವನ ಮಾತು ತೊದಲತೊಡಗಿತು. ಜನ್ಮದಲ್ಲಿ ಹೆಂಡ ಮುಟ್ಟದವನು ಕುಡುಕನ ಹಾಗೆ ಕಿಟಕಿಗೆ ತಲೆ ಆನಿಸಿ ಸುಮ್ಮಸುಮ್ಮನೆ ನಗುತ್ತಿದ್ದ.

ತುರ್ತು ವಿಭಾಗದ ಮಲಯಾಳಿ ಡಾಕ್ಟರು ಚನಿಯ ತಂದಿದ್ದ ಬಾಟಲಿಯನ್ನು ಬೆಳಕಿಗೆ ಹಿಡಿದರು. ಇಂಥ ದ್ರವದಲ್ಲಿ ಎರಡು ಜಾತಿ, ಒಂದು ಕಿಡ್ನಿಯನ್ನು ಸುಟ್ಟುಬಿಡುತ್ತದೆ, ಇನ್ನೊಂದು ಅಷ್ಟು ಅಪಾಯವಲ್ಲ, ಇದು ಯಾವುದು ಎಂದು ಹಿಂದಿಯಲ್ಲಿ ಕೇಳಿದರು. ಪರೀಕ್ಷೆಯ ಫಲ ಬರಲು ನಾಳೆಯಾಗುತ್ತದೆ. ಕೆಟ್ಟ ಜಾತಿಯದಾದರೆ ಮದ್ದನ್ನು ಬೇರೆ ಆಸ್ಪತ್ರೆಯಿಂದ ಈಗಲೇ ತರಿಸಬೇಕು.

ಚನಿಯ ಸಿಲಿಕಾನ್ ಓಯಸಿಸ್ ಬಡಾವಣೆಯ ಮನೆಯಲ್ಲಿದ್ದ ತಿಲಕ್‌ಗೆ ಫೋನ್ ಹಚ್ಚಿದ.

"ನಾನು ಸೆಕೆಂಡ್ ಹ್ಯಾಂಡ್ ತಗೊಂಡದ್ದು, ಮೊದಲಿನವ ಎಂತ ತುಂಬಿಸಿದ್ದಾನೋ," ಎಂದರು ತಿಲಕ್. "ಪಿಂಕ್ ಕಲರ್ ಅಲ್ವಾ? ಪಿಂಕ್ ಅಂದ್ರೆ ಒಳ್ಳೇದೇ ಇರ್ಬೇಕು. ಹಾಗಂತ ಹೇಳು ಡಾಕ್ಟ್ರಿಗೆ."

ಚನಿಯನ ಎದೆ ಕ್ಷಣಹೊತ್ತು ಹಗುರಾಯಿತು. ಒಳ್ಳೆಯದೇ ಆಗಿದ್ದರೆ ತಾನು ಮಾಡಿದ್ದು ಸಣ್ಣ ತಪ್ಪು, ನಾಳೆ ಇಬ್ಬರೂ ಕೂತು ನಗಬಹುದು. ಆದರೆ ತಿಲಕ್ ಹೇಳಿದ್ದು ಇರಬೇಕು ಎಂದು, ಇದೆ ಎಂದಲ್ಲ.

"ಗೊತ್ತಿಲ್ಲ ಡಾಕ್ಟರೇ," ಎಂದ. "ಕೆಟ್ಟದ್ದೇ ಅಂತ ಹಿಡಿದುಕೊಳ್ಳಿ. ಬಾಟಲಿಯಲ್ಲಿ ತುಂಬಿಸಿ ಇಟ್ಟದ್ದು ನಾನೇ. ಅದನ್ನೂ ಬರೆದುಕೊಳ್ಳಿ."

"ಪೊಲೀಸರು ಕೇಳುತ್ತಾರೆ," ಎಂದರು ಅವರು.

"ಕೇಳಲಿ. ಮದ್ದು ತರಿಸಿ."

ಅಷ್ಟರಲ್ಲಿ ಚನಿಯನ ಜೇಬಿನಲ್ಲಿದ್ದ ಜಂಶೀರನ ಫೋನ್ ಬಡಿದುಕೊಂಡಿತು. ಉಳ್ಳಾಲದಿಂದ ಹೆಂಡತಿ ಸಮೀಹಾ. ದಿನವೂ ಉಪವಾಸ ಬಿಟ್ಟ ಕೂಡಲೇ ಮಾಡುತ್ತಿದ್ದ ಕರೆ. ಚನಿಯ ಗೋಡೆಗೆ ಮುಖ ಮಾಡಿ ನಿಂತು ಒಂದನ್ನೂ ಬಿಡದೆ ಹೇಳಿದ. ಅತ್ತ ಕಡೆ ಯಾವುದೋ ಪಾತ್ರೆ ಬಿದ್ದ ಸದ್ದಾಯಿತು. ಬೈಗುಳಕ್ಕೆ ಕಾದ.

"ಅವರು ಈಗ ಒಬ್ಬರೇ ಇದ್ದಾರಾ?" ಎಂದಳು ಸಮೀಹಾ.

"ಒಳಗೆ ಇದ್ದಾರೆ."

"ನೀವು ಹೋಗಿ ಅಣ್ಣಾ, ಅವರ ಹತ್ತಿರ ನಿಲ್ಲಿ. ನನ್ನ ಹತ್ತಿರ ಎಂತ ಮಾತಾಡ್ತಾ ಇದ್ದೀರಿ?"

ಮರುದಿನ ಬಂದ ಫಲ ಕೆಟ್ಟದ್ದೆಂದೇ ಹೇಳಿತು. ಮದ್ದು ಅದಕ್ಕೂ ಮೊದಲೇ ಜಂಶೀರನ ಮೈ ಸೇರಿತ್ತು, ಇಲ್ಲದಿದ್ದರೆ ಆಸೆ ಇರಲಿಲ್ಲ ಎಂದರು ಡಾಕ್ಟರು. ಆದರೂ ಮೂತ್ರ ನಿಂತುಹೋಗಿತ್ತು. ಯಂತ್ರ ರಕ್ತ ಶುದ್ಧ ಮಾಡುತ್ತಿತ್ತು. ಕಿಡ್ನಿ ತಿರುಗಿ ಕೆಲಸ ಹಿಡಿಯುತ್ತದೋ ಇಲ್ಲವೋ ಈಗಲೇ ಹೇಳಲಾರೆವು ಎಂದರು. ಪೊಲೀಸರು ಚನಿಯನ ಹೇಳಿಕೆ ಪಡೆದು, ಪಾಸ್‌ಪೋರ್ಟ್ ಇಟ್ಟುಕೊಂಡು ಕಳಿಸಿದರು.

ಒಂದು ಮಧ್ಯಾಹ್ನ ಜಂಶೀರ್ ಕಣ್ಣು ಬಿಟ್ಟ. ಮುಖ ಊದಿತ್ತು, ತುಟಿ ಬಿರಿದಿತ್ತು. "ನೀರು," ಎಂದ. ಎರಡು ಗುಟುಕಿಗಿಂತ ಹೆಚ್ಚು ಬೇಡವೆಂದು ಹೇಳಿ ನರ್ಸು ಚನಿಯನ ಕೈಗೆ ಪುಟ್ಟ ಕಾಗದದ ಲೋಟ ಕೊಟ್ಟಳು.

ಚನಿಯ ಲೋಟವನ್ನು ಅವನ ತುಟಿಯವರೆಗೆ ಒಯ್ದು ತಡೆದ. ಹಿಂದಕ್ಕೆಳೆದು ಮೊದಲು ತಾನೊಂದು ಗುಟುಕು ಕುಡಿದು, ಬಾಯಲ್ಲೇ ಇಟ್ಟುಕೊಂಡು, ನುಂಗಿದ.

ಜಂಶೀರ್ ನೋಡುತ್ತಲೇ ಇದ್ದ. ಆಮೇಲೆ ಬಾಯಿ ತೆರೆದ.