ಮುಟ್ಟಬಾರದ ಹತ್ತು ನಿಮಿಷ

ಗರಗದ ಹತ್ತಿ ವ್ಯಾಪಾರಿ ಗುರುಪಾದಪ್ಪನವರ ಗಾಡಿಗಳಿಗೆ ಇಪ್ಪತ್ತು ವರ್ಷಗಳಿಂದ ನನ್ನದೇ ರಿಪೇರಿ. ಹಳೆಯ ಗಿರಾಕಿಗಳೆಲ್ಲ ಹುಬ್ಬಳ್ಳಿಯ ಶೋರೂಮುಗಳ ದಾರಿ ಹಿಡಿದ ಮೇಲೆ ಮಾಳಮಡ್ಡಿಯ ನನ್ನ ಗ್ಯಾರೇಜಿಗೆ ಉಳಿದವರು ಅವರೊಬ್ಬರೇ.

ಅವರ ಹೊಸ ಕಾರಿನ ಥ್ರಾಟಲಿನಲ್ಲಿ, ಅಂದರೆ ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲಲ್ಲಿ, ಮಸಿ ಕಟ್ಟಿತ್ತು. ಚೊಕ್ಕವಾಗಿ ಒರೆಸಿ ಚಾಲೂ ಮಾಡಿದೆ. ಗಾಡಿ ನಿಂತಲ್ಲೇ ಇಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತಿಗೆ ಏರಿ ಒದರತೊಡಗಿತು.

"ಮುಕ್ತಾರಸಾಬ್ರ, ತರೂವಾಗ ಇಷ್ಟು ಒದರತಿರಲಿಲ್ಲರಿ! ನಿಮ್ಮಿಂದ ಆಗೂದಿಲ್ಲಂದ್ರ ಹೇಳ್ರಿ, ಶೋರೂಮಿಗೆ ಒಯ್ತೇನಿ," ಎಂದರು ಪಕ್ಕದಲ್ಲೇ ನಿಂತಿದ್ದ ಗುರುಪಾದಪ್ಪ.

ನನಗೆ ಮೈಯೆಲ್ಲ ಉರಿಯಿತು. ಹಿಂದಿನ ಗಾಡಿಯಾಗಿದ್ದರೆ ಸ್ಕ್ರೂ ಕಾಲು ಸುತ್ತು ತಿರುಗಿಸಿ, ಕಿವಿಗೊಟ್ಟು ಕೇಳಿದರೆ ಮುಗಿಯುತ್ತಿತ್ತು. ಈ ಸುಡುಗಾಡು ಗಾಡಿಗೆ ಎಕ್ಸಲೇಟರಿನ ಕೇಬಲ್ ಕೂಡ ಇಲ್ಲ. ಕಂಪ್ಯೂಟರ್ ಹೇಳಿದಷ್ಟೇ ಬಾಗಿಲು ತೆರೆಯುತ್ತದೆ. ನಾಚಿಕೆ ಬಿಟ್ಟು, ಕಂಪನಿ ಸೇರಿದ ಹಳೆಯ ಜೊತೆಗಾರ ಇಸ್ತಿಯಾಕನಿಗೆ ಫೋನ್ ಮಾಡಿದೆ.

"ಮಸಿ ಇದ್ದಾಗ ಎಷ್ಟು ತೆರೀತಿತ್ತು, ಈಗೂ ಅಷ್ಟ ತೆರ್ಯಾಕತ್ತೈತಿ. ಎ.ಸಿ. ಬಂದ್ ಮಾಡಿ, ಇಂಜಿನ್ ಚಾಲೂ ಇಟ್ಟು, ಏನೂ ಮುಟ್ಟದ ಹತ್ತು ನಿಮಿಷ ಬಿಡು, ಕಂಪ್ಯೂಟರ್ ತಾನ ಕಲೀತೈತಿ. ನಡುವ ಎಕ್ಸಲೇಟರ್ ಒತ್ತಿದ್ರ ಮತ್ತ ಮೊದಲಿಂದ," ಎಂದ.

ಗುರುಪಾದಪ್ಪನವರ ಮುಖ ನೋಡಲಾಗದೆ ಒಳಗೆ ಕೂತು ಗಾಜು ಏರಿಸಿಕೊಂಡೆ. ಅವರು ಬಾಗಿಲಿಗೇ ಆತು ನಿಂತರು. ಇಳಿಯುವಂತೆಯೂ ಇಲ್ಲ.

ನಾಲ್ಕನೇ ನಿಮಿಷಕ್ಕೆ ಇಂಜಿನ್ ಕುಸಿದು ನಡುಗಿತು. ನಿಂತೇ ಹೋಗುತ್ತದೆಂದು ನನ್ನ ಕಾಲು ತಾನಾಗಿಯೇ ಎಕ್ಸಲೇಟರ್ ಒತ್ತಿತು. ಮತ್ತೆ ಮೊದಲಿಂದ. ಎರಡನೇ ಸಲ ಏಳನೇ ನಿಮಿಷಕ್ಕೆ ಅದೇ ತಪ್ಪು.

ಮೂರನೇ ಸಲ ಸೀಟು ಹಿಂದೆ ಸರಿಸಿ ಚಕ್ಕಳಮಕ್ಕಳ ಹಾಕಿದೆ. ಕೈ ಎರಡನ್ನೂ ತೊಡೆಯ ಕೆಳಗೆ ಒತ್ತಿಟ್ಟೆ. ಬಿಸಿಲಿಗೆ ಕಾರು ಕಾದ ಹಂಚಾಗಿತ್ತು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ; ಕೈ ಹೊರಬಂದರೆ ಏನಾದರೂ ತಿರುವೀತೆಂಬ ಭಯ. ಇಂಜಿನ್ ಏರಿತು, ಕುಸಿಯಿತು, ಕೆಮ್ಮಿತು. ಮೂವತ್ತೈದು ವರ್ಷ ದುಡಿದ ಕೈಗಳನ್ನು ಕಳ್ಳನ ಕೈಗಳ ಹಾಗೆ ಹಿಡಿದಿಟ್ಟುಕೊಂಡು ಕೂತ ನನಗೆ ಅಳುವೇ ಬಂತು.

ಹತ್ತನೇ ನಿಮಿಷಕ್ಕೆ ಮುಳ್ಳು ಏಳುನೂರಕ್ಕಿಳಿದು ನಿಂತಿತು. ಇಂಜಿನ್ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣ ಸದ್ದು.

ಗುರುಪಾದಪ್ಪ ಬಾಗಿಲು ತೆರೆದರು. ಮುಖವೆಲ್ಲ ನಗು.

"ಎಷ್ಟ ಶೋರೂಮ್ ಬರ್ಲಿ ಬಿಡ್ರಿ, ಮುಕ್ತಾರಸಾಬ್ರ ಕೈಗುಣಾನ ಬ್ಯಾರೆ!" ಎನ್ನುತ್ತ ಕೈ ಮುಂದೆ ಚಾಚಿದರು.

ತೊಡೆಯ ಕೆಳಗಿಂದ ನನ್ನ ಕೈ ಎಳೆದುಕೊಂಡೆ. ಅದು ಪೂರ್ತಿ ಜೋಮು ಹಿಡಿದಿತ್ತು. ಅವರು ಕುಲುಕಿದ್ದೂ ನನಗೆ ತಿಳಿಯಲಿಲ್ಲ.